ಮಂಗಲಾ ಸಿಸ್ಟರ್ ಮತ್ತು ಕಟ್ಟಿಹಾಕಿದ ಕುರಿ

ಮಿರಜಿನ ಆಸ್ಪತ್ರೆಯೊಂದರಲ್ಲಿ ನನಗೆ ಹರ್ನಿಯಾ ಆಪರೇಷನ್ ಆಗಿ ಎರಡು ದಿನವಾಗಿತ್ತು. ನಾನು ಓಂಪ್ರಕಾಶ, ಸಾಂಗಲಿಯ ಅರಿಸಿನ ವ್ಯಾಪಾರಿ. ಅಂಗಡಿಯಲ್ಲಿ ಹತ್ತು ಜನರನ್ನು ಓಡಾಡಿಸುವವನು ಇಲ್ಲಿ ಹೆಂಡತಿ ಅನುಸೂಯಾಬಾಯಿ ಕುಡಿಸುವ ಗಂಜಿಗೆ ಬಾಯಿ ತೆರೆದು ಸುಖವಾಗಿ ಮಲಗಿದ್ದೆ. ಮಂಗಲಾ ಸಿಸ್ಟರ್ ಬಂದಾಗ ಮಾತ್ರ ನರಳುತ್ತಿದ್ದೆ.

ಮಂಗಲಾ ಖಂಡೇರಾಜುರಿಯವಳು. ಇಪ್ಪತ್ತೆರಡು ವರ್ಷದಿಂದ ಹೊಟ್ಟೆ ಕೊಯ್ಸಿಕೊಂಡವರ ವಾರ್ಡಿನಲ್ಲೇ ಇದ್ದಾಳೆ. ಗಿಡ್ಡ ಆಳು, ಉದ್ದ ನಾಲಿಗೆ. ಮರಾಠಿಯಲ್ಲಿ ಬೈಯುತ್ತಾಳೆ, ಕನ್ನಡದಲ್ಲಿ ರಮಿಸುತ್ತಾಳೆ. ನನ್ನ ಪಾಲಿಗೆ ಹೆಚ್ಚಾಗಿ ಮರಾಠಿಯೇ ಬಂತು. ಬೆಳಿಗ್ಗೆ ಬಂದವಳೇ ಎಲ್ಲರಿಗೂ ಪಾದ ಮೇಲೆ ಕೆಳಗೆ ಆಡಿಸಲು, ಮೂಗಿನಿಂದ ಆಳವಾಗಿ ಉಸಿರೆಳೆದು ಬಾಯಿಂದ ಮೆಲ್ಲಗೆ ಬಿಡಲು ಹಚ್ಚುತ್ತಾಳೆ. ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ನಡೆಸುತ್ತಾಳೆ. ಅಯ್ಯೋ ಅಂದರೂ ಬಿಡುವುದಿಲ್ಲ. ಇವಳಿಗೆ ಕರುಳೇ ಇಲ್ಲವೆಂದು ನಾನು ಹೆಂಡತಿಗೆ ಹೇಳಿದ್ದೆ.

ಪಕ್ಕದ ಮಂಚದ ಅಮಸಿದ್ದ ಸಲಗರೆಯ ಕುರಿಗಾರ, ಅರವತ್ತು ದಾಟಿದವನು. ಕರುಳು ಸಿಕ್ಕಿಕೊಂಡು ನನ್ನ ದಿನವೇ ಅವನಿಗೂ ಆಪರೇಷನ್ ಆಗಿತ್ತು. ನಾನು ಸೋಗು ಹಾಕಿ ಮಲಗಿದ್ದರೆ ಅವನು ವ್ರತ ಹಿಡಿದಂತೆ ಮಲಗಿದ್ದ. ಕೆಮ್ಮು ಬಂದರೆ ನುಂಗುತ್ತಿದ್ದ. ಎರಡನೆಯ ದಿನ ಮಧ್ಯಾಹ್ನಕ್ಕೆ ಮೈ ಬಿಸಿಯಾಯಿತು, ಎದೆಯಲ್ಲಿ ಗೊರಗೊರ ಶುರುವಾಯಿತು. ಡಾಕ್ಟರು ನೋಡಿ, ಔಷಧಿ ಬರೆದು, ಕಫ ಹೊರಗೆ ಬರದಿದ್ದರೆ ಸಂಜೆಗೆ ಐಸಿಯುಗೆ ಒಯ್ಯಬೇಕಾಗುತ್ತದೆ ಎಂದು ಹೇಳಿ ಹೋದರು.

"ಏಳ್ರಿ ಮಾಮಾ," ಎಂದಳು ಮಂಗಲಾ.

"ಆಗೂದಿಲ್ಲವಾ. ಹೊಲಿಗಿ ಹಾಕಿದ ಹೊಟ್ಟಿ ಅಳ್ಳಾಡಬಾರದು. ತ್ವಾಳ ಹರದ ಕುರಿಗಿ ನಾನ ದಾರಾ ಹಾಕೇನಿ. ನಾಕೂ ಕಾಲ ಕಟ್ಟಿ ಐದ ದಿನ ಮಲಗಿಸಿದ್ನಿ. ನನಗ ಗೊತ್ತಿಲ್ಲೇನು?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನನಗೂ ಅದೇ ಬೇಕಾಗಿತ್ತು. ಖರೇ ಅಂತಾನ ನೋಡ್ರಿ ಸಿಸ್ಟರ್ ಎಂದು ದನಿಗೂಡಿಸಿದೆ. ಮಂಗಲಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಐದ ದಿನಾ ಆದಮ್ಯಾಲ ಏನಾತ್ರಿ ಮಾಮಾ?"

ಅಮಸಿದ್ದ ಗೋಡೆಯ ಕಡೆ ಮುಖ ಮಾಡಿದ. ಕಾಲ ಬಳಿ ಕುಳಿತಿದ್ದ ಅವನ ಹೆಂಡತಿ ಹಣಮವ್ವ ಬಾಯಿಬಿಟ್ಟಳು.

"ಸತ್ತ ಹೋತರಿ. ಅವತ್ತ ತ್ವಾಳ ಹರದದ್ದು ಎರಡ ಕುರಿ. ಇನ್ನೊಂದು ಹಗ್ಗಾ ಹರಕೊಂಡ ಮರುದಿನಾನ ಹಿಂಡಿನ ಹಿಂದ ಹೋತು. ಅದು ಮೂರ ಸರ್ತಿ ಈದೈತಿ. ಅದನ ಮಾತ್ರ ಇವ್ರು ಯಾರಿಗೂ ಹೇಳೂದಿಲ್ಲ."

ಆ ವಾರ್ಡಿನಲ್ಲಿ ಕೂತದ್ದನ್ನು ನಾನು ಕಂಡೇ ಇರದ ಮಂಗಲಾ ಸ್ಟೂಲು ಎಳೆದುಕೊಂಡು ಅವನ ಹತ್ತಿರ ಕುಳಿತಳು.

"ನಾನೂ ಒಬ್ಬರನ್ನ ಹಂಗ ಮಲಗಿಸೇನಿ ಮಾಮಾ. ನೌಕರಿ ಹತ್ತಿದ ಮೊದಲನೇ ವರ್ಷ. ಸಮಡೋಳಿ ಊರಿನ ಅಜ್ಜಾ ಒಬ್ರು. ನೋವು ಭಾಳ ಐತಿ, ಇವತ್ತೊಂದಿನ ಬಿಡ ಮಗಳ ಅಂದ್ರು. ಪಾಪ ಅಂತ ಬಿಟ್ಟೆ. ಮರುದಿನಾನೂ ಬಿಟ್ಟೆ. ಎದಿಯಾಗ ಕಫಾ ತುಂಬಿ ಹೋಗಿಬಿಟ್ರು. ಅವ್ರ ಮಾರಿ ನನಗಿನ್ನೂ ಮರ್ತಿಲ್ಲ."

ನನಗೆ ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷ ಆ ಅಜ್ಜನನ್ನು ಮನಸ್ಸಿನಲ್ಲಿಟ್ಟುಕೊಂಡವಳಿಗೆ ಕರುಳಿಲ್ಲವೆಂದಿದ್ದೆನಲ್ಲ!

ಅಮಸಿದ್ದ ಗೋಡೆಯಿಂದ ಅವಳ ಕಡೆ ಮುಖ ತಿರುಗಿಸಿದ. ಆಮೇಲೆ, "ಹೆಂಗ ಏಳೂದು ತೋರಸವಾ," ಎಂದ.

ಮಂಗಲಾ ಅವನನ್ನು ಮೊದಲು ಮಗ್ಗುಲಿಗೆ ಹೊರಳಿಸಿದಳು. ಮೊಳಕೈ ಊರಿಸಿ, ಕಾಲು ಕೆಳಗಿಳಿಸಿ, ಮೆಲ್ಲಗೆ ಕೂರಿಸಿದಳು. ಕೆಮ್ಮುವಾಗ ಹೊಲಿಗೆಯ ಮೇಲೆ ಒತ್ತಿಕೊಳ್ಳಲು ದಿಂಬು ಕೊಟ್ಟರೆ ಅದು ಜೊಳ್ಳು ಎಂದು ಬೇಡವೆಂದ. ಹಣಮವ್ವ ಅವನ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟಳು. ಮಂಗಲಾ ಅದಕ್ಕೊಂದು ಸ್ವಚ್ಛ ಚಾದರ ಸುತ್ತಿದಳು. ಅಮಸಿದ್ದ ಅದನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು ಕೆಮ್ಮಿದ. ಮೂರನೆಯ ಸಲಕ್ಕೆ ಕಫ ಬಂತು. ಕಣ್ಣಲ್ಲಿ ನೀರೂ ಬಂತು, ಆದರೆ ಹೊಲಿಗೆ ಬಿಚ್ಚಲಿಲ್ಲ. ಸಂಜೆಯೊಳಗೆ ಬಾಗಿಲತನಕ ಎರಡು ಸಲ ಹೋಗಿ ಬಂದ. ಅವನ ಹಿಂದೆ ಗೋಡೆ ಹಿಡಿದು, ಯಾರೂ ಹೇಳದೆಯೇ ನಾನೂ ನಡೆದೆ. ಅನುಸೂಯಾಬಾಯಿ ಗಂಜಿ ಬಟ್ಟಲು ಹಿಡಿದು ನೋಡುತ್ತ ನಿಂತಳು.

ಐಸಿಯು ಮಾತು ಮತ್ತೆ ಬರಲಿಲ್ಲ. ಎಂಟನೆಯ ದಿನ ಅವನನ್ನು ಮನೆಗೆ ಬಿಟ್ಟರು. ಸಕ್ಕರೆ ಕಾಯಿಲೆಯಿಂದ ಗಾಯ ಮಾಯದೆ ನಾನಿನ್ನೂ ಅಲ್ಲೇ ಇದ್ದೆ. ಹೊರಡುವಾಗ ಹಣಮವ್ವ ಒಗೆದು ಒಣಗಿಸಿದ್ದ ಆ ಕಂಬಳಿಯನ್ನು ಅಮಸಿದ್ದ ಮಂಗಲಾಳ ಕೈಗಿಟ್ಟ. ಕುರುಬರು ಕಂಬಳಿಯನ್ನು ಸುಮ್ಮನೆ ಯಾರಿಗೂ ಕೊಡುವುದಿಲ್ಲ.

"ಇಲ್ಲೇ ಇರ್ಲೆವಾ. ಮುಂದಿನವ್ರಿಗಿ ಬೇಕಾಗ್ತೈತಿ."

ರೋಗಿಗಳಿಂದ ಒಂದು ಬಾಳೆಹಣ್ಣನ್ನೂ ಮುಟ್ಟದ ಮಂಗಲಾ ಅದನ್ನು ಎದೆಗವಚಿಕೊಂಡು ಎಲ್ಲರೆದುರೇ ಅತ್ತಳು. ಬೈಯಲು ಅವಳಿಗೆ ಮರಾಠಿಯೂ ಸಿಗಲಿಲ್ಲ.

ಖಾಲಿಯಾದ ಮಂಚಕ್ಕೆ ಅದೇ ಮಧ್ಯಾಹ್ನ, ಹಿಂದಿನ ದಿನ ಹೊಟ್ಟೆ ಕೊಯ್ಸಿಕೊಂಡಿದ್ದ ದಶರಥ ಎಂಬವನು ಬಂದ. ಕೆಮ್ಮು ಬಂದು ಹಲ್ಲು ಕಚ್ಚಿದ. ಮಂಗಲಾ ಆಗಷ್ಟೇ ವಾರ್ಡಿನ ಬಾಗಿಲು ದಾಟಿ ಬರುತ್ತಿದ್ದಳು. ನಾನು ಮಗ್ಗುಲಿಗೆ ಹೊರಳಿ, ಮೊಳಕೈ ಊರಿ ಎದ್ದು, ಅವಳು ಆ ಮಂಚದ ಕಾಲ ಬಳಿ ಚಾದರ ಸುತ್ತಿ ಇಟ್ಟಿದ್ದ ಕಂಬಳಿಯನ್ನು ಮಡಚಿ ಅವನ ಹೊಟ್ಟೆಯ ಮೇಲಿಟ್ಟೆ.

"ಗಟ್ಟಿ ಹಿಡ್ಕೊಂಡ ಕೆಮ್ಮರಿ," ಎಂದೆ. "ಏನೂ ಆಗೂದಿಲ್ಲ."