ಆಸ್ರಿಗೆ ಎಂತ ಕೊಡ್ಲಿ?

ನಮ್ಮ ಮನೆಯಲ್ಲಿ ಒಬ್ಬ ಬಿ.ಎ. ಆಗುವುದು ಈ ಜನ್ಮಕ್ಕೆ ಆಗದ ಮಾತು ಎಂದವರು ನಮ್ಮ ದೊಡ್ಡಪ್ಪ. ಬಾಗೂರಿನ ಹತ್ತಿರದ ನಮ್ಮೂರಲ್ಲಿ, ಜಗಲಿಯ ಮೇಲೆ ಕಂಬಳಿ ಹೊದ್ದು ಕೂತು, ನನಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ್ದರು: "ನಮ್ಮ ಪೈಕಿ ಸಹಿ ಹಾಕಾಕೆ ಬರೋ ಒಬ್ಬನ್ನ ತೋರಿಸ್ರಿ ನೋಡಾಣ. ಇವನೂ ಅಷ್ಟೇಯ. ಎರಡು ಮಳೆಗಾಲ ಕಳೀಲಿ, ತಾನೇ ಬಂದು ನೇಗಿಲು ಹಿಡೀತಾನೆ."

ನಾನು ಹಿಡಿಯಲಿಲ್ಲ. ಚಿತ್ರದುರ್ಗದಲ್ಲಿ ಮಠದ ಅನ್ನ ಉಂಡು, ಬೆಂಗಳೂರಿನಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದುಕೊಂಡು, ಓದಿ ಪಾಸಾದೆ. ಈ ಮಾತನ್ನು ಸಂಕೋಚವಿಲ್ಲದೆ ಬರೆಯುತ್ತಿದ್ದೇನೆ. ನನಗೆ ಯಾರೂ ಇದನ್ನು ಬಿಟ್ಟಿ ಕೊಡಲಿಲ್ಲ.

ಆದರೆ ಪಾಸಾದೆ ಎಂದು ಬಾಯಲ್ಲಿ ಹೇಳಿಕೊಂಡರೆ ಆಯಿತೆ? ಆಗ ಮೈಸೂರು ಸೀಮೆಗೆ ತನ್ನದೇ ಯೂನಿವರ್ಸಿಟಿ ಇರಲಿಲ್ಲ, ಪದವಿಯ ಸರ್ಟಿಫಿಕೇಟು ಮದರಾಸಿನಿಂದ ಬರಬೇಕಿತ್ತು. ಅಲ್ಲಿಗೆ ಹೋಗಿ, ನಿಲುವಂಗಿ ತೊಟ್ಟು, ಸಾಲಿನಲ್ಲಿ ನಿಂತು ಪಡೆಯುವ ಶಕ್ತಿ ನನಗಿರಲಿಲ್ಲ. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಕುಂದಾಪುರದ ಗೆಳೆಯ "ನಾನು ಹೋಗುತ್ತೇನಲ್ಲ, ನಿನ್ನದನ್ನೂ ಇಸಕೊಂಡು ಬರುತ್ತೇನೆ" ಎಂದ. ಇಸಕೊಂಡು ತನ್ನ ಊರಿಗೆ ಹೋದವನು ಒಂದು ಕಾಗದ ಬರೆದ: "ನಿನ್ನದು ಭದ್ರವಾಗಿದೆ." ಕಳಿಸು ಎಂದು ಬರೆದೆ. "ಭದ್ರವಾಗಿದೆ, ಮಳೆ ಮುಗಿಯಲಿ" ಎಂದು ಉತ್ತರ ಬಂತು. ಮತ್ತೆ ಬರೆದೆ. ಮತ್ತೆ ಅದೇ ಭದ್ರ.

ಹೊಳಲ್ಕೆರೆಯ ಸ್ಕೂಲಿನಲ್ಲಿ ಮೇಷ್ಟರ ಜಾಗ ಖಾಲಿಯಿತ್ತು. ಸರ್ಟಿಫಿಕೇಟು ತಂದು ತೋರಿಸಿದರೆ ನಿಮಗೇ ಎಂದಿದ್ದರು. ದಿನ ಕಳೆದಂತೆ ಆ 'ಭದ್ರ' ಎಂಬ ಪದ ನನ್ನ ಗಂಟಲಲ್ಲಿ ಮುಳ್ಳಾಯಿತು. ದೊಡ್ಡಪ್ಪನ ಅನುಮಾನ ನನ್ನದಕ್ಕಿಂತ ದೊಡ್ಡದು. "ಬ್ಯಾರೆಯೋರ ಕಾಗ್ದ ಅವನಿಗ್ಯಾಕೆ ಭದ್ರ? ಅವನು ಮೋಸ ಮಾಡ್ತಿದಾನೋ, ಪಾಸೇ ಆಗದೆ ನೀನೇ ನಮಗೆ ಮಾಡ್ತಿದ್ದೀಯೋ, ಹೋಗಿ ನೋಡೇ ಬಿಡಾಣ. ಕಾಗ್ದ ಸಿಗ್ಲಿಲ್ಲ ಅಂದ್ರೆ ಅಲ್ಲಿಂದ ಸೀದಾ ಹೊಲಕ್ಕೆ. ಏನಪ್ಪ, ಆಗಬೌದಾ?"

ಆಗಬಹುದು ಎಂದೆ. ಅಪ್ಪ ತೀರಿಕೊಂಡ ಮೇಲೆ ಮನೆಗೆ ಅವರೇ ಯಜಮಾನರು.

ಮಳೆ ನಿಂತ ಮೇಲೆ ಹೊರಟೆವು. ಗಾಡಿಯಲ್ಲಿ ಶಿವಮೊಗ್ಗ, ತೀರ್ಥಹಳ್ಳಿ ದಾಟಿ, ಘಟ್ಟವನ್ನು ನಡೆದು ಇಳಿದು, ಹಾಲಾಡಿಯಲ್ಲಿ ಹೊಳೆಯ ದೋಣಿ ಹತ್ತಿದೆವು. ಇಬ್ಬರಿಗೂ ಅದೇ ಮೊದಲ ದೋಣಿ. ಅಂಬಿಗ "ನಡುವಿಗೆ ಬನಿ" ಎಂದು ಕೈಮಾಡಿದರೆ ದೊಡ್ಡಪ್ಪ ತುದಿಯಲ್ಲಿಟ್ಟಿದ್ದ ತಮ್ಮ ಗಂಟನ್ನು ತಬ್ಬಿಕೊಂಡು ಕೂತರು. "ನನ್ನ ನಡುವಿಗೆ ಕರೆಯಾದು, ಗಂಟು ತುದೀಲಿ ಉಳಿಯಾದು. ಗೊತ್ತು ಗೊತ್ತು." ಕೊನೆಗೆ ಗಂಟಿನ ಸಮೇತ ನಡುವಿಗೆ ಸರಿದರು.

ಅರ್ಧ ದಾರಿಯಲ್ಲಿ ಅಂಬಿಗ ದೋಣಿಯನ್ನು ದಡದ ಮರಕ್ಕೆ ಕಟ್ಟಿ, ಬೀಡಿ ಹಚ್ಚಿ ಕೂತುಬಿಟ್ಟ. ಯಾಕೆ ಎಂದರೆ "ಭರ್ತ ಇತ್ತ್. ಇಳ್ತ ಆಯ್ಲಿ" ಎಂದ. ನಮಗೆ ಏನೂ ತಿಳಿಯಲಿಲ್ಲ.

"ಯಾರಿಗೋ ಕಾಯ್ತಾವ್ನೆ ಕಣಲೇ," ಎಂದು ದೊಡ್ಡಪ್ಪ ಪಿಸುಗುಟ್ಟಿದರು. ಆಮೇಲೆ ನೀರು ನೋಡಿ ಎದ್ದು ನಿಂತರು. "ಲೇ, ಹೊಳೆ ಹಿಂದಕ್ಕೆ ಹರೀತೈತೆ!"

ನಿಜವಾಗಿಯೂ ಹರಿಯುತ್ತಿತ್ತು. ತೆಂಗಿನ ಗರಿಯೊಂದು ಸಮುದ್ರದ ಕಡೆಯಿಂದ ತೇಲಿ ನಮ್ಮನ್ನು ದಾಟಿ ಮೇಲಕ್ಕೆ ಹೋಯಿತು. ಸಮುದ್ರ ಉಕ್ಕಿದಾಗ ಹೊಳೆಗೆ ನೀರು ನುಗ್ಗುತ್ತದೆಂದು ನಾನು ಭೂಗೋಳದಲ್ಲಿ ಓದಿ ಅಂಕವನ್ನೂ ಪಡೆದಿದ್ದೆ. ಅಂಬಿಗನ 'ಭರ್ತ' ಅದೇ ಎಂದು ಕಣ್ಣ ಮುಂದೆ ಕಂಡಾಗ ಗುರುತೇ ಹತ್ತಲಿಲ್ಲ. ದೊಡ್ಡಪ್ಪನ ಸೋರೆಬುರುಡೆಯ ನೀರು ಅಲ್ಲೇ ಮುಗಿಯಿತು. ಬಗ್ಗಿ ಹೊಳೆಯ ನೀರನ್ನು ಬೊಗಸೆಯಲ್ಲಿ ಬಾಯಿಗಿಟ್ಟು ತೂ ಎಂದು ಉಗುಳಿದರು. "ಏನೋ ಹಾಕ್ಯಾರೆ ಇದಕ್ಕೆ! ಉಪ್ಪು, ಬರೀ ಉಪ್ಪು!" ಅಂಬಿಗ ನಕ್ಕ. ಆ ನಗುವೂ ಅವರ ಲೆಕ್ಕದಲ್ಲಿ ಸಾಕ್ಷಿಯೇ ಆಯಿತು.

ನೀರು ಇಳಿದ ಮೇಲೆ ದೋಣಿ ಸರಾಗವಾಗಿ ಸಾಗಿ ನಮ್ಮನ್ನು ಬಂದರಿಗೆ ಮುಟ್ಟಿಸಿತು. ಹಾಯಿ ಮಡಚಿದ ಹಡಗುಗಳು, ಒಣಮೀನಿನ ವಾಸನೆ, ಹೆಂಚಿನ ರಾಶಿ. ಗೆಳೆಯನ ಮನೆ ಕೇಳಿಕೊಂಡು ಹೋದೆವು. ಬಾಗಿಲಿಗೆ ಅವನ ತಾಯಿ ಬಂದರು. ನಾನು ಯಾರೆಂದು ಹೇಳುತ್ತಲೇ ಮುಖವರಳಿಸಿ ಅಂದರು: "ಬನಿ ಬನಿ, ಕೂಕಣಿ. ಮಗ ಬಂದ್ರಿಗೆ ಹೋಯ್ದ, ಈಗ ಬತ್ತ. ಆಸ್ರಿಗೆ ಎಂತ ಕೊಡ್ಲಿ?"

ದೊಡ್ಡಪ್ಪ ನನ್ನ ಮುಖ ನೋಡಿದರು. ನನ್ನ ಕಿವಿಗೂ ಬಿದ್ದದ್ದು ಅದೇ: ಆಸರೆಗೆ ಏನು ಕೊಡಲಿ? ಮನೆಬಾಗಿಲಿಗೆ ಬಂದ ದಿಕ್ಕಿಲ್ಲದವರನ್ನು ಕೇಳುವ ಹಾಗೆ! ನನ್ನ ಮೈ ಉರಿಯಿತು. ಈ ಗೆಳೆಯ ನನ್ನ ಬಡತನದ ಕತೆ ಮನೆಯಲ್ಲೆಲ್ಲ ಹೇಳಿದ್ದಾನೆ ಅಂದುಕೊಂಡೆ.

ದೊಡ್ಡಪ್ಪನೇ ಉತ್ತರ ಕೊಟ್ಟರು. "ನಾವು ಆಸರೆ ಬೇಡಾಕೆ ಬಂದಿಲ್ಲ ತಾಯಿ. ನಮ್ದು ನಮಗೆ ಕೊಡ್ರಿ, ಸಾಕು."

ಆಕೆಯ ಮುಖ ಸಣ್ಣದಾಯಿತು. ಹಾಗೇ ಒಳಗೆ ಹೋದರು. ಒಳಗೆ ಯಾರ ಜೊತೆಯೋ ತಗ್ಗಿದ ದನಿ ಕೇಳಿಸಿತು. ನಾವು ಜಗಲಿಯಲ್ಲಿ ಒಣಗಿದ ಬಾಯಿಯಲ್ಲಿ ಕೂತೆವು. ಆಗ ನನ್ನ ಕಣ್ಣಿಗೆ ಗೋಡೆ ಬಿತ್ತು. ಗಾಜು ಹಾಕಿದ ಒಂದು ಚೌಕಟ್ಟು ಅಲ್ಲಿ ತೂಗುತ್ತಿತ್ತು. ಒಳಗೆ ಏನೂ ಇಲ್ಲ. ಸರ್ಟಿಫಿಕೇಟಿನ ಅಳತೆಯ ಚೌಕಟ್ಟು. ನಾವು ಬರಬಹುದೆಂದು ಮೊದಲೇ ಊಹಿಸಿ ಯಾರೋ ಏನನ್ನೋ ತೆಗೆದಿಟ್ಟ ಹಾಗಿತ್ತು. ಯಾರ ಹೆಸರಿನದು? ನಾನು ದೊಡ್ಡಪ್ಪನಿಗೆ ಹೇಳಲಿಲ್ಲ, ಅವರೂ ಅದನ್ನೇ ನೋಡುತ್ತಿದ್ದರು.

"ಖಾಲಿ ಐತೆ," ಎಂದರು ಮೆಲ್ಲಗೆ.

ಗೆಳೆಯ ತನ್ನ ತಮ್ಮನ ಜೊತೆ ಬಂದ. ನನ್ನನ್ನು ಅಪ್ಪಿಕೊಂಡ. ನನ್ನ ತೋಳುಗಳು ಏಳಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅವನ ತಾಯಿಯ ಅಳುದನಿ ಕೇಳಿಸಿತು: ಇವರು ಲಿಂಗ ಕಟ್ಟಿದವರಂತೆ, ನಮ್ಮ ಮನೆಯ ನೀರು ಆಗುವುದಿಲ್ಲ ಎಂದು ಕಾಣುತ್ತದೆ, ಆಸ್ರಿ ಬೇಡ ಎಂದುಬಿಟ್ಟರು.

"ನೀರು ಬ್ಯಾಡ ಅಂತ ಯಾರಂದ್ರು?" ದೊಡ್ಡಪ್ಪ ಗುಡುಗಿದರು. "ಆಸರೆ ಬ್ಯಾಡ ಅಂದಿದ್ದು!"

ಗೆಳೆಯ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ ನಕ್ಕು ನೆಲಕ್ಕೆ ಕೂತ. "ಅಲ್ಲ ಮಾರಾಯ್ರೆ, ಆಸ್ರಿ ಅಂದ್ರೆ ಬಾಯಾರಿಕೆಗೆ ಕುಡೂದು! ಬಂದವ್ರಿಗೆ ಮೊದ್ಲು ಕೇಳೂದೇ ಅದ್ನ."

ವರ್ಷಗಟ್ಟಲೆ ಒಂದೇ ಕೋಣೆಯಲ್ಲಿದ್ದವರು ನಾವು. ಉಳಿದವರು ನಗುತ್ತಾರೆಂದು ಅವನು ಅವನ ಮನೆಮಾತನ್ನು, ನಾನು ನನ್ನದನ್ನು ಹಾಸ್ಟೆಲಿನ ಹೊರಗೇ ಬಿಟ್ಟಿದ್ದೆವು. ಅವನ ಬಾಯಲ್ಲಿ ಆ ಪದ ಕೇಳಿದ್ದು ಅಂದೇ.

ದೊಡ್ಡಪ್ಪ ಬಗ್ಗಲಿಲ್ಲ. "ಇರಬೌದು. ಮೊದ್ಲು ಕಾಗ್ದ ತರ್ರಿ. ಆ ಗೋಡೇದು ಯಾಕೆ ಖಾಲಿ ಐತೆ, ಅದನ್ನೂ ಹೇಳ್ರಿ."

ಗೆಳೆಯನ ನಗು ನಿಂತಿತು. ಪೆಟ್ಟಿಗೆಯಿಂದ ಒಂದು ಹಾಳೆ ತಂದು ಬಿಡಿಸಿದ. ಅವನದೇ ಸರ್ಟಿಫಿಕೇಟು. ಮಳೆಗಾಲದಲ್ಲಿ ಗೋಡೆಯ ತೇವ ಹೀರಿ ಬೂಷ್ಟು ಹಿಡಿದು, ಅವನ ಹೆಸರಿದ್ದ ಜಾಗ ನೀಲಿ ಕಲೆಯಾಗಿತ್ತು. "ಇದು ಹಾಳಾದ ಮೇಲೆ ನಿನ್ನದನ್ನ ಅಂಚೆಚೀಲಕ್ಕೆ ಹಾಕ್ಲಿಕ್ಕೆ ಧೈರ್ಯ ಬರ್ಲಿಲ್ಲ. ಘಟ್ಟದ ಮಳೇಲಿ ಅಂಚೆಯವ ನೆನೀದೆ ಇರ್ತಾನಾ? ನಂದು ಹೀಗಾಯ್ತು ಅಂತ ಬರೀಲಿಕ್ಕೂ ಕೈ ಬರ್ಲಿಲ್ಲ."

ಅಷ್ಟರಲ್ಲಿ ಅವನ ತಮ್ಮ ಒಳಗಿನಿಂದ, ದೊಡ್ಡ ಕುಂಬಳದಷ್ಟು ಗಾತ್ರದ ಹುಲ್ಲಿನ ಉಂಡೆಯೊಂದನ್ನು ಉರುಳಿಸಿಕೊಂಡು ಬಂದ.

"ಕಾಗ್ದ ಕೇಳಿದ್ರೆ ಹುಲ್ಲಿನ ಗಂಟು ತರ್ತಾರಲ್ಲಲೇ!" ಎಂದರು ದೊಡ್ಡಪ್ಪ.

ಅದು ಅಕ್ಕಿಯ ಮುಡಿ. ಅಲ್ಲಿಯವರು ಅಕ್ಕಿಯನ್ನು ಹುಲ್ಲಿನಲ್ಲಿ ಬಿಗಿದು, ಹುಲ್ಲಿನ ಹಗ್ಗವನ್ನೇ ಸುತ್ತಿ ಬಡಿದು ಕಟ್ಟುತ್ತಾರೆ. ಹೊರಗೆ ಎಷ್ಟು ಮಳೆ ಹೊಯ್ದರೂ ಒಳಗಿನದಕ್ಕೆ ತೇವ ತಗಲುವುದಿಲ್ಲವಂತೆ. ಗೆಳೆಯನ ತಮ್ಮ ಹಗ್ಗ ಬಿಚ್ಚಿದ. ಅಕ್ಕಿ ಚಾಪೆಯ ಮೇಲೆ ಸುರಿಯಿತು. ನಡುವಿನಿಂದ ಬಿದಿರಿನ ಕೊಳವೆಯೊಂದು ಹೊರಬಂತು, ಅದರೊಳಗೆ ಸುರುಳಿ. ಗರಿಗರಿಯಾಗಿ, ಬೆಳ್ಳಗೆ, ಒಣಹುಲ್ಲಿನ ವಾಸನೆ ಹೊಡೆಯುತ್ತ ಇತ್ತು.

ನಾನು ಕೈ ಚಾಚಿದೆ. ದೊಡ್ಡಪ್ಪ ತಡೆದರು. "ನೀನು ಓದಬ್ಯಾಡ. ಅವರು ಓದ್ಲಿ."

ಗೆಳೆಯ ಇಂಗ್ಲಿಷಿನಲ್ಲಿ ಓದಿದ. ದೊಡ್ಡಪ್ಪ ಕಣ್ಣು ಮುಚ್ಚಿ, ಕಳ್ಳನ ಹೆಜ್ಜೆ ಆಲಿಸುವವರ ಹಾಗೆ ಕೇಳುತ್ತಿದ್ದರು. ನನ್ನ ಹೆಸರಿಗೆ ಮೊದಲು ನಮ್ಮೂರಿನ ಹೆಸರು ಬಂದಾಗ ಅವರ ಕಣ್ಣು ತೆರೆಯಿತು.

"ಇನ್ನೊಂದ್ಸಲ ಓದ್ರಿ. ಊರು ಬತ್ತದಲ್ಲ, ಅಲ್ಲಿಂದ."

ಮತ್ತೆ ಓದಿದ. ದೊಡ್ಡಪ್ಪ ಕಂಬಳಿಗೆ ಎರಡೂ ಕೈ ಒರೆಸಿಕೊಂಡು ಮುಂದೆ ಚಾಚಿದರು. ಗೆಳೆಯ ಸರ್ಟಿಫಿಕೇಟನ್ನು ಆ ಕೈಗಳಲ್ಲಿಟ್ಟ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, ಕೊಳವೆಗೆ ಸೇರಿಸಿ, ಗಂಟಿನೊಳಗಿಟ್ಟು ಬಿಗಿದರು. ಆಮೇಲೆ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದ ಆ ತಾಯಿಯ ಕಡೆ ತಿರುಗಿದರು.

"ತಾಯೀ, ಗಂಟ್ಲು ಒಣಗೈತೆ. ನಮ್ಮ ಬಿ.ಎ.ಗೂ ನನಗೂ ಆಸ್ರಿಗೆ ಏನಾರ ಕೊಡ್ರಿ."