ತಂತಿ ತುಂಡು

ಗ್ಯಾರೇಜಿನವರು ಹಿರಿಯ ಮೆಕ್ಯಾನಿಕನಿಗೆ ಇಟ್ಟ ಹೆಸರು 'ಕಟಕ್ ಮಾಮ'. ಲಿಫ್ಟು ಕಾರನ್ನು ಎತ್ತಿದ ಮೇಲೆ ಅದು ಕೆಳಗೆ ಜಾರದಂತೆ ತಡೆಯುವ ಎರಡೂ ಕಂಬಗಳ ಲಾಕು ಕಟಕ್ಕೆಂದು ಕೂತದ್ದನ್ನು ಕಿವಿಯಾರೆ ಕೇಳದೆ ಅವನು ಯಾರನ್ನೂ ಅದರಡಿಗೆ ಬಿಡುವುದಿಲ್ಲ. ಆತುರಪಟ್ಟವರಿಗೆ ಮಂಗಳಾರತಿ ಗ್ಯಾರಂಟಿ.

ಒಂದು ಕಾಲಕ್ಕೆ ಅವನೇ ದೊಡ್ಡ ಆತುರಗೇಡಿ. ಕಾರು ಇಳಿಸುವಾಗಲೆಲ್ಲ ಲಾಕು ಬಿಡಿಸುವುದು ಯಾವ ಕರ್ಮ ಎಂದು ಅದನ್ನು ತಂತಿಯಿಂದ ಹಿಂದಕ್ಕೆಳೆದು ಕಟ್ಟಿಬಿಟ್ಟಿದ್ದ. ಅದು ಗೊತ್ತಿಲ್ಲದ ಅವನ ಭಾವಮೈದ ಕಾರಿನಡಿ ಕೆಲಸಕ್ಕಿಳಿದಾಗ ಲಿಫ್ಟನ್ನು ಎತ್ತಿಹಿಡಿಯುವ ಎಣ್ಣೆಯ ಪೈಪು ಒಡೆದು ಅದು ಕುಸಿಯಿತು. ತಡೆಯಬೇಕಾದ ಲಾಕು ತಡೆಯಲಿಲ್ಲ. ಬಲಗೈ ಜಜ್ಜಿಹೋಯಿತು. ಎಲ್ಲರೂ ಗಾಯಾಳುವನ್ನು ಹೊರಗೆಳೆಯುವ ಗಡಿಬಿಡಿಯಲ್ಲಿದ್ದರೆ, ಇವನು ತಂತಿ ಕತ್ತರಿಸಿ ಜೇಬಿಗಿಳಿಸಿದ. ಆಮೇಲೆ ಬಾಯಿ ಬಿಡಲು ಧೈರ್ಯ ಬರಲೇ ಇಲ್ಲ.

ಈಗ ಭಾವಮೈದ ಎಡಗೈಯಲ್ಲಿ ಬಿಲ್ಲು ಬರೆಯುತ್ತಾನೆ. ಹೊಸಬರು ಕಟಕ್ ಮಾಮನನ್ನು ನೋಡಿ ಕಿಸಕ್ಕೆಂದರೆ ಈ ಭಾವಮೈದನಿಗೆ ಮೈಯೆಲ್ಲ ಉರಿಯುತ್ತದೆ.

"ನಗಬೇಡ್ರೋ! ಲಾಕು ಕೂರಿಸೋದು ಮರೆತು ಕೈ ಕಳ್ಕೊಂಡೋನು ನಾನು. ನನ್ನ ತಪ್ಪಿಗೆ ನಮ್ಮ ಭಾವ ಇವತ್ತಿಗೂ ಕೊರಗ್ತಿದಾರೆ."

ಮಾಮ ತಲೆ ಎತ್ತುವುದಿಲ್ಲ. ಆಗಲೇ ಭದ್ರವಾಗಿ ಕೂತ ಲಾಕನ್ನು ಇನ್ನೊಮ್ಮೆ ಅಲುಗಾಡಿಸಿ ನೋಡುತ್ತಾನೆ.