ಅಕ್ಕಿ ಡಬ್ಬಿಯಲ್ಲಿದ್ದ ಅರವತ್ಮೂರು ಪಾಕೀಟು

ಬೆಳಗಿನ ಐದು ಗಂಟೆ. ಭದ್ರಾವತಿಯ ಹಳೇನಗರದ ಮನೆಯಲ್ಲಿ ಜಯಶೀಲಾ ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ. ಇಂದು ಇಪ್ಪತ್ತನೇ ತಾರೀಖು, ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಕೊನೆಯ ದಿನ. "ಹತ್ತು ಗಂಟೆ ಮೇಲೆ ಸರ್ವರ್ ಮಲಗಿಬಿಡುತ್ತೆ. ಅದು ಎದ್ದಿರೋವಾಗ್ಲೇ ನಾವೂ ಎದ್ದಿರ್ಬೇಕು," ಎಂದು ನನ್ನತ್ತ ನೋಡಿ ನಗುತ್ತಾರೆ.

ಹದಿನಾರು ವರ್ಷ ಸಿಮೆಂಟ್ ಅಂಗಡಿಯಲ್ಲಿ ಬಿಲ್ ಬರೆದವರು. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿತು. ಈಗ ನಲವತ್ತೊಂದು ಜನರ ತೆರಿಗೆ ಕೆಲಸ ನೋಡಿಕೊಳ್ಳುತ್ತಾರೆ. ಎಲ್ಲರೂ ಮನೆಯಲ್ಲೇ ಏನಾದರೂ ತಯಾರಿಸಿ ಆನ್‌ಲೈನಿನಲ್ಲಿ ಮಾರುವವರು. ತಿಂಗಳಿಗೆ ಮುನ್ನೂರು ರೂಪಾಯಿ ಫೀಸು.

"ಗಿರಾಕಿ ಕೊಟ್ಟಿದ್ದು ನೂರು. ಮಾರಿಕೊಡೋ ಆನ್‌ಲೈನ್ ಕಂಪನಿ ಕಮಿಷನ್ ಹೋಗಿ ಇವರ ಕೈಗೆ ಬಂದಿದ್ದು ಎಪ್ಪತ್ತು. ತೆರಿಗೆ ಮಾತ್ರ ಪೂರ್ತಿ ನೂರರ ಮೇಲೆ. ಇದನ್ನ ಅರ್ಥ ಮಾಡ್ಸೋದೇ ಅರ್ಧ ಕೆಲಸ."

ವಾಪಸ್ ಬಂದ ಮಾಲಿಗೆ ತೆರಿಗೆಯಿಲ್ಲ. ಅದಕ್ಕೇ ಇಲ್ಲೊಂದು ಕಟ್ಟುನಿಟ್ಟು: ಹಿಂದಿರುಗಿದ ಪಾರ್ಸೆಲ್‌ಗಳ ಕವರುಗಳನ್ನು ತಂತಿಗೆ ಚುಚ್ಚಿ ತರಬೇಕು.

ಶಿವಮೊಗ್ಗದಿಂದ ಮೊದಲ ಬಸ್ಸಿಗೆ ಬಂದ ಸತ್ಯಭಾಮಾ ಅವರ ತಂತಿ ಖಾಲಿ. ಅವರು ಸಾರಿನಪುಡಿ ಮಾರುತ್ತಾರೆ. "ನನ್ನ ಆನ್‌ಲೈನ್ ಅಂಗಡಿ ಮುಚ್ಚಿಬಿಡು ಮಾರಾಯ್ತಿ. ನನ್ನಿಂದಾಗಲ್ಲ."

ಜಯಶೀಲಾ ಪರದೆ ನೋಡುತ್ತಾರೆ. "ಅಮ್ಮ, ಹಿಂದಿನ ತಿಂಗಳುಗಳಲ್ಲಿ ನೀವು ಹೇಳಿದ ಮಾರಾಟಕ್ಕಿಂತ ಕಂಪನಿ ಹೇಳಿದ್ದು ಕಡಿಮೆ. ಅರವತ್ಮೂರು ಪಾಕೀಟು ವಾಪಸ್ ಬಂದಿವೆ. ಎಲ್ಲಿ?"

ಸತ್ಯಭಾಮಾ ಸೆರಗಿನ ಅಂಚು ಸುತ್ತುತ್ತಾರೆ. "ಅಕ್ಕಿ ಡಬ್ಬೀಲಿ. ಸೊಸೆ ಕಣ್ಣಿಗೆ ಬೀಳ್ಬಾರ್ದು ಅಂತ. ನನ್ನ ಪುಡಿ ಬೇಡ ಅಂದ್ರು ಅಂತ ಹೇಗೆ ಹೇಳೋದು?"

ಮಾರಾಟವಾಗದ ಪುಡಿಗೆ ಅವರು ಆಗಲೇ ಆರುನೂರು ರೂಪಾಯಿ ತೆರಿಗೆ ಕಟ್ಟಿದ್ದಾರೆ. ಜಯಶೀಲಾ ಬೈಯುವುದಿಲ್ಲ. ವಾಪಸಾತಿಯ ಕಾರಣಗಳ ಪಟ್ಟಿ ತೆರೆದು ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸುತ್ತಾರೆ.

"ಓದಿ. ಮನೆಗೆ ಬೀಗ. ಫೋನ್ ಎತ್ತಲಿಲ್ಲ. ಮನೆಗೆ ಬೀಗ. ಐವತ್ತೆಂಟು ಪಾಕೀಟು ಯಾರ ಕೈಗೂ ಸಿಕ್ಕಿಲ್ಲ. ನಿಮ್ಮ ಪುಡಿ ಬೇಡ ಅಂದೋರು ಐದೇ ಜನ."

"ಐದೇ?"

"ಐದೇ. ಅವರಿಗೆ ಸಾರು ಮಾಡೋಕೆ ಬರಲ್ಲ ಬಿಡಿ."

ಸತ್ಯಭಾಮಾ ಪಟ್ಟಿಯನ್ನು ಮೇಲಿನಿಂದ ಮತ್ತೆ ಓದುತ್ತಾರೆ. ಹೆಚ್ಚಾಗಿ ಕಟ್ಟಿದ್ದ ಆರುನೂರನ್ನು ಜಯಶೀಲಾ ಈ ತಿಂಗಳ ತೆರಿಗೆಯಲ್ಲಿ ಕಳೆದು ರಿಟರ್ನ್ ಸಲ್ಲಿಸುತ್ತಾರೆ. ಅಂಗಡಿ ಮುಚ್ಚುವ ಮಾತು ಮತ್ತೆ ಬರುವುದಿಲ್ಲ. ಹೋಗುವಾಗ ಸತ್ಯಭಾಮಾ ಖಾಲಿ ತಂತಿಯನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ಸತ್ಯಭಾಮಾ ಹೋದ ಮೇಲೆ, ನಿಮಗೇನು ಆಸೆ ಎಂದು ಕೇಳಿದೆ. ಜಯಶೀಲಾ ಮುಂದಿನ ಫೈಲು ತೆಗೆದರು.

"ದೊಡ್ಡದೇನಿಲ್ಲ. ನನ್ನ ಹತ್ರ ಬರೋರು ಏನನ್ನೂ ಬಚ್ಚಿಡ್ಬಾರ್ದು. ವಾಪಸ್ ಬಂದಿದ್ದನ್ನೂ."